ಗೆರೆಗಳ ನಡುವಿನ ಅಂತರ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಲೆಕ್ಕಪ್ಪನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಮ್ಮಿಬ್ಬರ ಸಂಖ್ಯೆಗಳನ್ನು ತೆರೆದು ನೋಡಿದ ಮರುದಿನವೇ ನಿನಗೆ ಬರೆಯಬೇಕಿತ್ತು. ಒಂದು ವಾರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಾಲು ಬರೆಯುವುದು, ಹರಿದು ಹಾಕುವುದು, ಇದೇ ಆಯಿತು. ಫೋನ್ ಮಾಡಿದರೆ ನೀನು ಏನಾದರೂ ತಮಾಷೆ ಮಾಡಿ ಮಾತು ಹಾರಿಸುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಊಟಕ್ಕೆ ಕೂತಾಗ ನನ್ನ ಮಗಳು ಕೇಳಿದಳು, “ಅಮ್ಮ, ಮಾಮ ಅಷ್ಟು ದೂರ ಕೂತು, ನೀನು ಇಲ್ಲಿ ಕೂತು, ಇಬ್ರೂ ಏನು ಹುಡುಕ್ತಿದ್ರಿ?”

ಹೈಡ್ರೋಜನ್ ಅಣುವಿನಲ್ಲಿ ಎರಡು ನ್ಯೂಕ್ಲಿಯಸ್ ಇರುತ್ತವೆ, ನಾವು ಆರಿಸಿಕೊಂಡ ಅಣುವಿನಲ್ಲಿ ಒಂದು ಹಗುರ, ಇನ್ನೊಂದು ಭಾರ ಎಂದೆ. ಎರಡಕ್ಕೂ ಸ್ಪಿನ್ ಇದೆ, ಪುಟ್ಟ ಬುಗುರಿಗಳೆಂದುಕೋ. ಒಂದರ ಸ್ಪಿನ್ ಇನ್ನೊಂದಕ್ಕೆ ತಾಗುವುದರಿಂದ ರೋಹಿತದಲ್ಲಿ, ಅಂದರೆ ಅಣುವಿನ ಸಂಕೇತವನ್ನು ಬಿಡಿಸಿ ತೋರಿಸುವ ಚಿತ್ರದಲ್ಲಿ, ಒಂದೇ ಆಗಬೇಕಿದ್ದ ಗೆರೆ ಮೂರಾಗಿ ಸೀಳುತ್ತದೆ. ಆ ಗೆರೆಗಳ ನಡುವಿನ ಅಂತರವನ್ನು ನಾನು ಅಳೆಯುತ್ತೇನೆ. ಗೊತ್ತಿರುವ ಬಲಗಳ ಪ್ರಕಾರ ಅದು ಎಷ್ಟಿರಬೇಕೆಂದು ಮಾಮ ಲೆಕ್ಕ ಹಾಕುತ್ತಾನೆ. ಎರಡೂ ತಾಳೆಯಾಗದಿದ್ದರೆ ಯಾರೂ ಕಂಡಿರದ ಬಲವೊಂದು ಅಲ್ಲಿ ಅಡಗಿರಬಹುದು.

“ಮತ್ತೆ ಒಬ್ರಿಗೊಬ್ರು ಯಾಕೆ ಹೇಳ್ಕೊಳ್ಲಿಲ್ಲ?”

“ಹೇಳ್ಕೊಂಡ್ರೆ ಗೊತ್ತಿಲ್ಲದೇನೇ ಮನಸ್ಸು ಆ ಕಡೆ ವಾಲುತ್ತೆ,” ಎಂದೆ. ಬಾಯಿ ತಪ್ಪಿ ಬಂದೀತು ಎಂದು ನಾವು ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದನ್ನೂ ಹೇಳಿದೆ. ಅವಳಿಗೆ ಅದು ಹುಚ್ಚಾಟದಂತೆ ಕಂಡಿತು.

ನಿನಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಕಳೆದ ವರ್ಷ ನನ್ನ ಅಳತೆ ನೀನು ಹಿಂದೆಯೇ ಪ್ರಕಟಿಸಿದ್ದ ಹಳೆಯ ಅಂದಾಜಿಗಿಂತ ಸ್ಪಷ್ಟವಾಗಿ ಬೇರೆ ಬಂತು. ಪ್ರಯೋಗಾಲಯದಲ್ಲೆಲ್ಲ ಗುಲ್ಲೋ ಗುಲ್ಲು. ನಮ್ಮ ಮುಖ್ಯಸ್ಥರು ನನ್ನ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ತಮ್ಮನಿಗೊಂದು ಫೋನ್ ಹಾಕಿ ಮೇಡಂ. ಹೊಸ ಲೆಕ್ಕ ಎಷ್ಟು ಬಂತು ಅಂತ ಕೇಳಿದ್ರೆ ಮುಗೀತಲ್ಲ. ಬೇರೆಯವರು ನಮಗಿಂತ ಮುಂಚೆ ಪ್ರಕಟಿಸಿಬಿಟ್ರೆ?” ಅಂದರು.

“ಮಾತು ಕೊಟ್ಟಿದ್ದೀನಿ ಸರ್,” ಎಂದೆ. ಮುಖ ಊದಿಸಿಕೊಂಡು ಹೋದವರು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಆಸೆ ನನಗೂ ಇತ್ತು ಕಣೋ. ಹೊಸ ಬಲವೆಂದರೆ ಸುಮ್ಮನೆಯೇ? ಆದರೆ ಅನುಮಾನ ಬಿಡಲಿಲ್ಲ. ಕೊಳವೆಯಲ್ಲಿ ಅನಿಲ ಒತ್ತೊತ್ತಾಗಿತ್ತು. ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದೇ ಅಂತರ ಚೂರು ಸರಿದಿರಬಹುದು. ಒತ್ತಡ ಇಳಿಸಿ ಇಳಿಸಿ ಮತ್ತೆ ಅಳೆದೆ. ಇಳಿಸಿದಷ್ಟೂ ಗೆರೆಗಳು ಮಂಕು, ಒಂದೊಂದು ಅಳತೆಗೂ ದಿನಗಟ್ಟಲೆ ಕಾಯಬೇಕು. ನನ್ನ ಹೊಸ ಬಲ ಕಣ್ಣೆದುರೇ ಕರಗುತ್ತಾ ಹೋಯಿತು. ಎಲ್ಲಾ ನೆರೆಹೊರೆಯ ಅಣುಗಳ ಗಲಾಟೆ!

ಕೊನೆಗೆ ವೀಡಿಯೊ ಕರೆಯಲ್ಲಿ ಎಲ್ಲರೆದುರು ನಿನ್ನ ಸಂಖ್ಯೆ, ನನ್ನ ಸಂಖ್ಯೆ ಪರದೆಯ ಮೇಲೆ ಅಕ್ಕಪಕ್ಕ ಬಂದಾಗ ದೋಷದ ಮಿತಿಯೊಳಗೆ ಎರಡೂ ಒಂದೇ. ಮುಖ್ಯಸ್ಥರು ತುಂಬ ಹೊತ್ತು ನೋಡಿ, “ಇಲ್ಲ ಅನ್ನೋದನ್ನ ಇಷ್ಟು ಗಟ್ಟಿಯಾಗಿ ಇನ್ಯಾರೂ ಹೇಳಿಲ್ಲ ಬಿಡಿ,” ಅಂದದ್ದು ನಿನಗೂ ಕೇಳಿಸಿರಬೇಕು. ಅಂಥ ಬಲವೇನಾದರೂ ಇದ್ದರೆ ಅದು ನಾವು ತೋರಿಸಿದ ಮಿತಿಗಿಂತ ಕ್ಷೀಣವಾಗಿರಲೇಬೇಕು. ನನಗೆ ನಿರಾಸೆಯಾಗಲಿಲ್ಲ. ಹತ್ತು ಜನ ಚಪ್ಪಾಳೆ ತಟ್ಟುವಂಥದ್ದಲ್ಲ, ಆದರೆ ನಾವಿಬ್ಬರೂ ಪ್ರಾಮಾಣಿಕವಾಗಿ ಮಾಡಿದ ಕೆಲಸ.

ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು. ನನ್ನ ಆಯಸ್ಸೂ ನಿನಗೆ ಸೇರಲಿ, ತಣ್ಣಗೆ ಬಾಳು.

ನಿನ್ನ ಅಕ್ಕ

ತಾ.ಕ. ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಅವತ್ತು ಎಲ್ಲರೂ ಸಂಖ್ಯೆ ನೋಡುತ್ತಿದ್ದರು. ನಾನು ಪರದೆಯ ಮೂಲೆಯಲ್ಲಿದ್ದ ನಿನ್ನ ಮುಖ ನೋಡುತ್ತಿದ್ದೆ. ಕಿವಿ ಮುಚ್ಚುವ ಟೋಪಿ, ಹುಬ್ಬಿನ ಜಾಗದಲ್ಲಿ ಹುಬ್ಬಿಲ್ಲ. ಸಂಜೆ ನಿನ್ನ ಹೆಂಡತಿಗೆ ಫೋನ್ ಮಾಡಿದೆ. “ಹೋದ ಬೇಸಿಗೆಯಿಂದ ಆಸ್ಪತ್ರೆಗೆ ಓಡಾಡ್ತಿದ್ದೀವಿ ಅತ್ತಿಗೆ. ಅಕ್ಕನಿಗೆ ಹೇಳ್ಬೇಡ, ಕೆಲಸ ಬಿಟ್ಟು ಓಡಿ ಬರ್ತಾಳೆ ಅಂದ್ರು,” ಎಂದಳು. ಓಡಿ ಬರುತ್ತಿದ್ದೆ, ನಿಜ. ನಾವು ಹೇಳಿಕೊಳ್ಳಬಾರದು ಅಂದುಕೊಂಡದ್ದು ಬರೀ ಒಂದು ಸಂಖ್ಯೆಯನ್ನು ತಾನೇ? ರಜೆ ಸಿಕ್ಕಿದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ರೈಲು ಹತ್ತಿರುತ್ತೇನೆ. ಬಾಗಿಲು ತೆಗೆಯಲು ನೀನು ಏಳಬೇಡ.