ಕೇಳಿ ಮುಟ್ಟುವ ವಿದ್ಯೆ

ಗುರುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂದು ಹದಿನೆಂಟು ದಿನ ಆಯ್ತು. ಉತ್ತರ ಬರೀಲಿಲ್ಲ ಅಂತ ಬೈಕೊಂಡಿರ್ತೀಯ, ಬೈಕೋ. ಮೂರು ಸಲ ಬರೆಯೋಕೆ ಕೂತೆ, ಮೂರು ಸಲಾನೂ ಎದ್ದುಬಿಟ್ಟೆ. ನಾವಿಲ್ಲಿ ಆರಾಮ. ನಿನ್ನ ಭಾವ ಎಂದಿನ ಹಾಗೆ ಅವರ ಮೊಣಕಾಲಿನ ಜೊತೆ ಜಗಳ ಆಡ್ಕೊಂಡಿದ್ದಾರೆ. ನೀನು, ಮನೆಯವರು, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ.

ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ, ಮೊದಲೇ ಕೇಳಿಬಿಡ್ತೀನಿ. ಮೂವತ್ತನೇ ತಾರೀಕು ಶನಿವಾರ ನಮ್ಮ ಮಸಾಜ್ ಶಾಲೆಯ ಕೊನೇ ಪರೀಕ್ಷೆ. ಅದಕ್ಕೆ ಹೊರಗಿನವರು ಒಬ್ಬರನ್ನ ನಾವೇ ಕರ್ಕೊಂಡು ಹೋಗಬೇಕು. ಅವರಿಗೆ ಒಂದು ಗಂಟೆ ಮಸಾಜ್ ಮಾಡಬೇಕು. ಆಮೇಲೆ ನಮಗೆ ಕಲಿಸೋ ಮೇಡಂ, ಬಂದವರನ್ನ ಪಕ್ಕದ ಕೋಣೆಗೆ ಕರೆದು, ಬಾಗಿಲು ಹಾಕ್ಕೊಂಡು, "ಈಗ ನಿಜ ಹೇಳಿ" ಅಂತ ಕೇಳ್ತಾರೆ. ನೀನು ಬರ್ತೀಯಾ? ಹನ್ನೊಂದು ವರ್ಷದಿಂದ ನಾವಿಬ್ಬರೂ "ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ" ಬಿಟ್ಟು ಮುಂದಕ್ಕೆ ಹೋಗಿಲ್ಲ, ಗೊತ್ತು. ಮುಲಾಜಿಲ್ಲದೆ ನಿಜ ಹೇಳೋಕೆ ನಿನ್ನಂಥೋಳು ಬೇಕು ಅಂತ ನಿನ್ನ ಭಾವನ ಹತ್ರ ಹೇಳಿದ್ದೀನಿ. ನಿಜವಾದ ಕಾರಣ ಬೇರೆ. ನನಗೆ ನೀನೇ ಬೇಕು, ಅಷ್ಟೆ.

ಬೇಕರಿ ಮುಚ್ಚಿದ ಮೇಲೆ, ಐವತ್ತೊಂದನೇ ವಯಸ್ಸಿಗೆ ಇವಳಿಗ್ಯಾಕಪ್ಪಾ ಓದು ಅಂತ ನೀನೂ ಅಂದಿರ್ತೀಯ. ಇಪ್ಪತ್ತಾರು ವರ್ಷ ಹಿಟ್ಟು ನಾದಿದ ಕೈ ಕಣೇ, ಮೈ ತಿಕ್ಕೋದು ಏನು ಮಹಾ ಅಂತ ಎದೆ ಸೆಟೆಸಿಕೊಂಡೇ ಹೋದೆ. ಜಂಭ ಮೊದಲನೇ ದಿನವೇ ಇಳೀತು. ಎರಡು ವಾರ ಯಾರನ್ನೂ ಮುಟ್ಟೋಕೇ ಬಿಡಲಿಲ್ಲ! ಉಗುರು ಕತ್ತರಿಸು, ಕೈ ತೊಳಿ, ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೋ, ಹೊದಿಕೆ ಹೊದಿಸು. ಹೊದಿಕೆಯದೇ ಒಂದು ದೊಡ್ಡ ಪುರಾಣ. ಬೆನ್ನಿಗೆ ಮಾಡುವಾಗ ಬೆನ್ನು ಮಾತ್ರ ತೆಗೀಬೇಕು, ಕಾಲಿಗೆ ಮಾಡುವಾಗ ಆ ಒಂದು ಕಾಲು ಮಾತ್ರ. ಮಲಗಿದವರು ಮಗ್ಗುಲು ಬದಲಿಸುವಾಗ ಹೊದಿಕೆ ಎತ್ತಿ ಹಿಡಿದು ನಾವು ಮುಖ ಆ ಕಡೆ ತಿರುಗಿಸ್ಕೋಬೇಕು. ನಾನು ಒಂದು ಸಲ ಹೊದಿಕೆ ಎಳೆದ ರಭಸಕ್ಕೆ ಮಲಗಿದ್ದವಳೇ ಮೇಜಿನಿಂದ ಕೆಳಗೆ ಬರೋದೊಂದು ಬಾಕಿ.

ಅವಳು ನನ್ನ ಜೋಡಿ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು, ನಾವೆಲ್ಲ 'ವಿಷಲ್' ಅಂತ ಕರೀತೀವಿ. ಒಬ್ಬರ ಬೆನ್ನ ಮೇಲೆ ಒಬ್ಬರು ಬಣ್ಣದ ಪೆನ್ಸಿಲಿನಲ್ಲಿ ಮೂಳೆಗಳ ಗೆರೆ ಎಳೆದು ಹೆಸರು ಬಾಯಿಪಾಠ ಮಾಡ್ತೀವಿ. ಅವಳಿಗೆ ವಿಪರೀತ ಕಚಗುಳಿ. ಹನ್ನೆರಡು ಪಕ್ಕೆಲುಬು ಎಣಿಸೋದ್ರಲ್ಲಿ ನನ್ನ ಅರ್ಧ ಆಯಸ್ಸು ಮುಗೀತು. ಮೊದಲ ಸಲ ಅವಳ ಹೆಗಲು ಒತ್ತಿದಾಗ ಮೇಡಂ ಬಂದು, "ಇದು ಹಿಟ್ಟಲ್ಲಮ್ಮ, ಗುದ್ದಿದಷ್ಟೂ ಉಬ್ಬೋಕೆ" ಅಂದ್ರು. ಹೆಬ್ಬೆರಳಲ್ಲಿ ಒತ್ತಿದ್ರೆ ನಾಲ್ಕೇ ವರ್ಷಕ್ಕೆ ಹೆಬ್ಬೆರಳು ಕೈ ಕೊಡುತ್ತಂತೆ. ಒಂದು ಕಾಲು ಮುಂದಿಟ್ಟು, ಮೈಭಾರ ಮುಂದಕ್ಕೆ ಬಿಟ್ಟು, ಕೈಗೆ ಸುಮ್ಮನೆ ದಾರಿ ತೋರಿಸಬೇಕು. ಕಲಿತೆ. ಈಗ ವಿಷಲ್ ಮೇಜಿನ ಮೇಲೆ ಗೊರಕೆ ಹೊಡೀತಾಳೆ. ಅದಕ್ಕಿಂತ ದೊಡ್ಡ ಬಹುಮಾನ ಬೇಕರಿಯಲ್ಲಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ನನಗೆ ಸೇರದೇ ಇದ್ದಿದ್ದು ಒಂದೇ, ಪ್ರಶ್ನೆಪಟ್ಟಿ. ಮುಟ್ಟೋ ಮೊದಲು ಇಪ್ಪತ್ತೆರಡು ಪ್ರಶ್ನೆ ಕೇಳಿ ಬರ್ಕೋಬೇಕು. ಆಪರೇಷನ್ ಆಗಿದೆಯಾ, ಮಾತ್ರೆ ತಗೋತೀರಾ, ಇತ್ತೀಚೆಗೆ ತುಂಬ ದಿನ ಮಲಗಿದ್ರಾ, ಎಲ್ಲಿ ಮುಟ್ಟಬಾರದು. ಇದೇನು ಮಸಾಜೋ ಪೊಲೀಸ್ ಠಾಣೆಯೋ ಅಂತ ಗೊಣಗ್ತಿದ್ದೆ. ಹೋದ ತಿಂಗಳು ಅಭ್ಯಾಸ ಪರೀಕ್ಷೆಗೆ ಎದುರು ಅಂಗಡಿಯ ದರ್ಜಿ ಬಂದ್ರು. "ಎಡಗಾಲು ಹಿಡ್ಕೊಂಡಿದೆ ತಾಯಿ" ಅಂದ್ರು. ನಾನು ಒಂದೂ ಪ್ರಶ್ನೆ ಕೇಳದೆ, ಇಪ್ಪತ್ತೆರಡಕ್ಕೂ "ಇಲ್ಲ, ಇಲ್ಲ" ಅಂತ ಗೀಚಿ ಮಲಗಿಸಿದೆ. ಮೀನಖಂಡ ಗಟ್ಟಿಯಾಗಿತ್ತು, ಮುಟ್ಟಿದ್ರೆ ಬಿಸಿ. "ಗಂಟು ಕಟ್ಟಿದೆ ಅಣ್ಣ, ಎರಡೇ ನಿಮಿಷ, ಕರಗಿಸ್ತೀನಿ" ಅಂತ ಎಣ್ಣೆ ತಗೊಂಡೆ.

ಹಿಂದಿನಿಂದ ಮೇಡಂ ಬಂದು ನನ್ನ ಮಣಿಕಟ್ಟು ಹಿಡಿದ್ರು. "ಕೈ ತೆಗಿ."

ಎರಡೂ ಕಾಲನ್ನ ಟೇಪಿನಲ್ಲಿ ಅಳೆದ್ರು. ಎಡಗಾಲು ನಾಲ್ಕು ಸೆಂಟಿಮೀಟರ್ ದಪ್ಪ. ಪಾದದ ಮೂಳೆ ಮುರಿದು ಅವರು ಒಂದು ತಿಂಗಳು ಪ್ಲಾಸ್ಟರಿನಲ್ಲಿ ಮಲಗಿದ್ದರಂತೆ, ನಾನು ಕೇಳಿದ್ರೆ ತಾನೆ ಹೇಳೋದು! ತುಂಬ ದಿನ ಮಲಗಿದವರಿಗೆ ಒಂದೇ ಕಾಲು ಊದಿ ಬಿಸಿಯಾದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಉಜ್ಜಿದ್ರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಕೂರಬಹುದು, ಅಂಥ ಕಾಲನ್ನ ನಾವು ಮುಟ್ಟೋ ಹಾಗೇ ಇಲ್ಲ ಅಂತ ಮೇಡಂ ಅಲ್ಲೇ ಎಲ್ಲರಿಗೂ ಹೇಳಿದ್ರು. ಹೇಳ್ತಾನೇ ದರ್ಜಿಯನ್ನ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಹೆಪ್ಪು ಇತ್ತು. ಮಾತ್ರೆ ಕೊಟ್ಟರು, ಈಗ ಓಡಾಡ್ತಿದ್ದಾರೆ. ದಾರಿಯಲ್ಲಿ ಸಿಕ್ಕಾಗಲೆಲ್ಲ, "ಏನು ತಾಯಿ, ಕರಗಿಸ್ತೀರಾ?" ಅಂತ ರೇಗಿಸ್ತಾರೆ. ನಾನು ಫೇಲ್ ಅಂತ ಬೇರೆ ಹೇಳಬೇಕಾ?

ಶಿಕ್ಷೆ ಏನು ಗೊತ್ತಾ? ಒಂದು ವಾರ ಯಾರನ್ನೂ ಮುಟ್ಟೋ ಹಾಗಿಲ್ಲ. ದಿನಾ ಒಬ್ಬೊಬ್ಬರ ಎದುರು ಕೂತು ಇಪ್ಪತ್ತೆರಡು ಪ್ರಶ್ನೆ ಕೇಳಬೇಕು, ಅವರು ಉತ್ತರ ಮುಗಿಸೋ ತನಕ ಬಾಯಿ ಬಿಡಬಾರದು. ನನ್ನ ಬಾಯಿ ನಿನಗೆ ಗೊತ್ತಲ್ಲ. ಮೊದಲ ದಿನ ನಾಲಿಗೆ ಕಚ್ಕೊಂಡೇ ಕೂತಿದ್ದೆ. ಆದ್ರೆ ಸುಮ್ಮನಿದ್ದರೆ ಜನ ಎಷ್ಟೊಂದು ಹೇಳ್ತಾರೆ ಪುಟ್ಟಿ! ಐದು ತಿಂಗಳಿಂದ ನಾನು ದಿನಾ ಒತ್ತುತ್ತಿದ್ದ ವಿಷಲ್‌ಳ ಬಲ ಹೆಗಲು ಚಿಕ್ಕಂದಿನಲ್ಲಿ ಎರಡು ಸಲ ಕೀಲು ತಪ್ಪಿತ್ತಂತೆ. "ಯಾಕೆ ಹೇಳಲಿಲ್ಲ?" ಅಂದೆ. "ನೀನು ಯಾವಾಗ ಕೇಳಿದೆ?" ಅಂದ್ಲು. ಆ ವಾರದಲ್ಲಿ ಕಲಿತಷ್ಟು ನಾನು ಆ ಐದು ತಿಂಗಳಲ್ಲೂ ಕಲಿತಿರಲಿಲ್ಲ. ಈಗ ಕೇಳ್ತೀನಿ, ಕಾಯ್ತೀನಿ, ಆಮೇಲೆ ಮುಟ್ತೀನಿ. ಕೆಲಸ ಚೆನ್ನಾಗಿ ಕೂಡಿ ಬರ್ತಿದೆ. ಸಂಜೆ ಮನೆಗೆ ಬರುವಾಗ ಕಾಲು ನೋಯುತ್ತೆ, ಆದ್ರೂ ಖುಷಿಯಾಗಿರ್ತೀನಿ. ಸುಳ್ಳು ಯಾಕೆ ಹೇಳಲಿ, ನನ್ನ ಮೇಲೆ ನನಗೇ ಒಂಚೂರು ಮೆಚ್ಚುಗೆ ಬಂದಿದೆ.

ಬರೋದಾದ್ರೆ ಬೆಳಗಿನ ಬಸ್ಸಿಗೆ ಬಾ. ಹೊಟ್ಟೆ ತುಂಬ ತಿನ್ಕೊಂಡು ಬರಬೇಡ, ಬೋರಲು ಮಲಗೋಕೆ ಕಷ್ಟ. ಆಮೇಲೆ ನಾನೇ ಬಡಿಸ್ತೀನಿ. ಮಕ್ಕಳ ತಲೆ ಸವರಿ ದೊಡ್ಡಮ್ಮ ಮುತ್ತು ಕೊಟ್ಟಿದ್ದಾಳೆ ಅನ್ನು. ದೊಡ್ಡವನು ಮುಖ ಸಿಂಡರಿಸಿದ್ರೂ ಬಿಡಬೇಡ. ನಿನ್ನ ಮನೆ ಬೆಳಗಲಿ, ನೂರು ಕಾಲ ಚೆನ್ನಾಗಿರಿ.

ನಿನ್ನ
ಅಕ್ಕ

ತಾ.ಕ.: ಮೂರು ಸಲ ಎದ್ದುಬಿಟ್ಟಿದ್ದು ಈ ಮಾತಿಗೆ. ಹನ್ನೊಂದು ವರ್ಷದ ಹಿಂದೆ ಅಮ್ಮ ಸೊಂಟ ಮುರ್ಕೊಂಡು ಮಲಗಿದ್ದಾಗ, "ಅಕ್ಕಾ, ಒಂದೇ ಕಾಲು ಊದಿದೆ, ಡಾಕ್ಟರಿಗೆ ತೋರಿಸೋಣ" ಅಂದಿದ್ದು ನೀನು. "ನನ್ನ ಕೈ ಇರೋವಾಗ ಡಾಕ್ಟರ್ ಯಾಕೆ" ಅಂದಿದ್ದು ನಾನು. ಮೂರು ಬೆಳಿಗ್ಗೆ ಬಿಸಿ ಎಣ್ಣೆ ಹಚ್ಚಿ ಆ ಕಾಲು ಉಜ್ಜಿದೆ. ಮೂರನೇ ದಿನ ಉಜ್ಜಿ ಕೈ ತೊಳ್ಕೊಂಡು ಬರೋಷ್ಟರಲ್ಲಿ ಅಮ್ಮ ಉಸಿರಿಗೆ ಒದ್ದಾಡ್ತಿದ್ಲು. ನೀನು ಕೆಲಸಕ್ಕೆ ಹೋಗಿದ್ದೆ. ಸಂಜೆ ನೆಂಟರೆಲ್ಲ ಕೂತಿದ್ದಾಗ, "ಇವಳು ಒಂದು ದಿನ ರಜ ಹಾಕಿದ್ರೆ ಅಮ್ಮ ಉಳೀತಿದ್ಲು" ಅಂದೆ. ನೀನು ತಲೆ ಬಗ್ಗಿಸಿ ಎದ್ದು ಒಳಗೆ ಹೋದೆ.

ಮೇಡಂ ಹತ್ರ ಎಲ್ಲ ಹೇಳಿ ಕೇಳಿದೆ. "ಅದರಿಂದಲೇ ಹೋದ್ರು ಅಂತ ಈಗ ಯಾರೂ ಹೇಳೋಕಾಗಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ" ಅಂದ್ರು. ನಿನ್ನ ತಪ್ಪು ಏನೂ ಇರಲಿಲ್ಲ ಅನ್ನೋದು ಮಾತ್ರ ನಾನೇ ಹೇಳಬಲ್ಲೆ. ಕ್ಷಮಿಸು ಪುಟ್ಟಿ. ಆಗದೇ ಹೋದ್ರೆ ಪರೀಕ್ಷೆಗೆ ಬರಬೇಡ, ನಾನು ಬೇಜಾರು ಮಾಡ್ಕೊಳಲ್ಲ. ನಿನ್ನನ್ನ ಅಂದಿದ್ದು ಏಳು ಜನರ ಎದುರು. ಆ ಏಳೂ ಜನಕ್ಕೆ ಇದನ್ನೇ ಬರೆದು ಮೊನ್ನೆ ಅಂಚೆಗೆ ಹಾಕಿದ್ದೀನಿ. ಅವರಲ್ಲಿ ದೊಡ್ಡ ಮಾವ ನಿನಗೆ ಫೋನ್ ಮಾಡ್ತಾರೆ. ಅಳೋದಾದ್ರೆ ಅಳು, ಆದ್ರೆ ಎತ್ತು.