ಗೆರೆಯ ಮೇಲೆ, ಗೆರೆಯ ಕೆಳಗೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 7.10, ಲ್ಯಾಬ್

ಇನ್ಕ್ಯುಬೇಟರಿನಿಂದ ಬ್ಯಾಕ್ಟೀರಿಯಾ ಬೆಳೆಸಿದ ಹದಿನಾಲ್ಕು ಪ್ಲೇಟು ಹೊರಗೆ. ಒಂಬತ್ತನೆಯದನ್ನು ನೋಡಿ ಟೀ ಮರೆತೆ. ಹೋದ ತಿಂಗಳು ಇದೇ ರೋಗಿಯ ಬ್ಯಾಕ್ಟೀರಿಯಾ ಔಷಧಿಯ ಬಿಲ್ಲೆಯ ಸುತ್ತ ಸತ್ತು ಬಿದ್ದಿತ್ತು. ಈ ಸಲ ಬಿಲ್ಲೆಯ ಅಂಚಿನವರೆಗೂ ಬೆಳೆದು ಕೂತಿದೆ. ಸಾಯುವವು ಸತ್ತವು, ತಡೆದುಕೊಂಡವು ಮರಿ ಹಾಕಿದವು. ಜೀವವಿಕಾಸ ನನಗೆ ಪುಸ್ತಕದ ಮಾತಲ್ಲ, ಸೋಮವಾರದ ಕೆಲಸ.

ವಾರ್ಡಿಗೆ ಫೋನ್ ಮಾಡಿದೆ. ರಿಪೋರ್ಟ್ ಬರೆದೆ. ನಮ್ಮ ಹಾಳೆಯ ಮಧ್ಯೆ ಒಂದು ಗೆರೆ — ಮೇಲೆ ಪರೀಕ್ಷೆಯಲ್ಲಿ ಕಂಡದ್ದು, ಕೆಳಗೆ ನಮ್ಮ ಅಭಿಪ್ರಾಯ. ಹತ್ತೊಂಬತ್ತು ವರ್ಷ, ಒಂದು ದಿನವೂ ಕೆಳಗಿನದನ್ನು ಮೇಲೆ ಬರೆದವಳಲ್ಲ. ಜಂಬವೆಂದರೆ ಜಂಬ. ಇರಲಿ.

ನಿನ್ನೆ ಸಂಡೆ ಸ್ಕೂಲಿನಲ್ಲಿ ಅದೇ ಗೆರೆ ಉಪಯೋಗಕ್ಕೆ ಬಂತು. ನನ್ನ ತರಗತಿಯ ಬಾಯಿಬಡುಕಿ ಎರಡು ಕಾಗದ ತಂದಿದ್ದಳು. ಒಂದು, ಅವಳ ಕಾಲೇಜಿನಲ್ಲಿ ಯಾರೋ ಹಂಚಿದ್ದು: ಜೀವವಿಕಾಸ ನಿಜ, ಆದ್ದರಿಂದ ದೇವರಿಲ್ಲ. ಇನ್ನೊಂದು ನಮ್ಮ ಚರ್ಚಿನದೇ ಕರಪತ್ರ: ದೇವರಿದ್ದಾನೆ, ಆದ್ದರಿಂದ ಜೀವವಿಕಾಸ ಸುಳ್ಳು.

"ಯಾವುದನ್ನ ಹರಿದು ಹಾಕ್ಲಿ ಟೀಚರ್?"

ಮುಖದಲ್ಲಿ ತಮಾಷೆ, ಕಣ್ಣು ಮಾತ್ರ ತುಂಬಿತ್ತು. ಬೋರ್ಡಿನ ಮೇಲೆ ಗೆರೆ ಎಳೆದೆ. ಮೂಳೆ, ಬಂಡೆ, ಬ್ಯಾಕ್ಟೀರಿಯಾ — ಪರೀಕ್ಷಿಸಬಹುದಾದದ್ದೆಲ್ಲ ಮೇಲೆ. 'ದೇವರಿಲ್ಲ' ಕೆಳಗೆ. 'ದೇವರಿದ್ದಾನೆ' ಕೂಡ ಕೆಳಗೆ. ಎರಡು ಕಾಗದವೂ ಗೆರೆ ಹಾರಿವೆ, ಯಾವುದನ್ನೂ ಹರಿಯಬೇಡ ಎಂದೆ.

ಮಾರ್ಚ್ 5, ಬುಧವಾರ

ಬೋರ್ಡಿನ ಫೋಟೋ ಗುಡುಗಿಗೆ ತಲುಪಿದೆ. ಗುಡುಗು — ಸಭೆಯ ಹಿರಿಯರು. ಪ್ರಾರ್ಥನೆಗೆ ನಿಂತರೆ ಮೈಕ್ ಬೇಡ, ಅದಕ್ಕೇ ಆ ಹೆಸರು. ದೇವರನ್ನು ಕೆಳಗಿಟ್ಟೆನಂತೆ ನಾನು. ಹದಿನೈದನೇ ತಾರೀಕು ಚರ್ಚ್ ಕಮಿಟಿ. ತರಗತಿ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ, ಅಲ್ಲೇ ತೀರ್ಮಾನ. ಹನ್ನೊಂದು ವರ್ಷ ಕಟ್ಟಿದ್ದು. ಮೂರು ಮಕ್ಕಳಿಂದ ಇಪ್ಪತ್ತಾರು. ಮೈಯೆಲ್ಲ ಉರಿಯುತ್ತಿದೆ.

ಅಪ್ಪನೂ ಕಮಿಟಿಯಲ್ಲಿದ್ದಾರೆ. ಮೂವತ್ತು ವರ್ಷದಲ್ಲಿ ಅಲ್ಲಿ ತುಟಿ ಬಿಚ್ಚಿದವರಲ್ಲ. ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಹೇಳಬೇಕಾದದ್ದನ್ನು ಬರೆದುಕೊಂಡು ಹೋಗು ಎಂದರು. ಅಷ್ಟೇ. ಉಪ್ಪಿನ ಡಬ್ಬಿ ನನ್ನ ಕಡೆ ತಳ್ಳಿದರು.

ಮಾರ್ಚ್ 8, ಶನಿವಾರ. ಸಂಜೆ

ಬರೆದೆ. ಒಂದು ಹಾಳೆ, ಮಧ್ಯೆ ಗೆರೆ. ಅಂಥ ಹಾಳೆಯನ್ನು ಆ ಕಮಿಟಿ ಕಂಡಿರಲಿಕ್ಕಿಲ್ಲ. ಅಪ್ಪನ ಕೈಗೆ ಕೊಟ್ಟು ಎದುರಿಗೇ ಕೂತೆ. ಹೊಗಳಿಸಿಕೊಳ್ಳಲು... ಸುಳ್ಳೇಕೆ ಹೇಳಲಿ.

ಅಪ್ಪ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದವರು. ಇವತ್ತಿಗೂ ಮಾತ್ರೆಯ ಚೀಟಿಯನ್ನು ಕೂಡ ಸಾಲಿನ ಕೆಳಗೆ ಸ್ಕೇಲ್ ಇಟ್ಟೇ ಓದುವುದು. ಸ್ಕೇಲ್ ಏಳನೇ ಸಾಲಿಗೆ ಬಂದು ನಿಂತಿತು. ಗೆರೆಯ ಮೇಲಿನ ಅರ್ಧದಲ್ಲಿ. 'ಇಷ್ಟು ಸೊಗಸಾದ ಏರ್ಪಾಟು ಕರ್ತನ ಕೈಯಿಂದಲೇ ಬಂದದ್ದು.'

"ಇದನ್ನ ಯಾವ ಪ್ಲೇಟಲ್ಲಿ ನೋಡ್ದೆ ಮಗಳೇ?"

ಬಗ್ಗಿ ನೋಡಿದೆ. ಹತ್ತೊಂಬತ್ತು ವರ್ಷದ ಜಂಬ! ಗೆರೆ ಹಾರಿದವಳು ನಾನೇ. ಅಪ್ಪ ಪೆನ್ಸಿಲಿನಲ್ಲಿ ಒಂದು ಬಾಣ ಎಳೆದು ಆ ಸಾಲನ್ನು ಕೆಳಗಿಳಿಸಿದರು. ಸಾಲು ಚೆನ್ನಾಗಿದೆ, ಜಾಗ ತಪ್ಪು ಎಂದರು. ಸಿಟ್ಟು ನೆತ್ತಿಗೇರಿತು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡೆ.

ಮಾರ್ಚ್ 13, ಗುರುವಾರ

ಐದು ದಿನ ಮಾತು ಬಿಟ್ಟಿದ್ದೆ. ಇವತ್ತು ಹಾಳೆಯನ್ನು ಹೊಸದಾಗಿ ಬರೆದೆ, ಆ ಸಾಲು ಕೆಳಗೆ. ಅಪ್ಪನ ಮೇಜಿನ ಮೇಲಿಟ್ಟು, ಸ್ಕೇಲ್ ಕೊನೆಯ ಸಾಲು ದಾಟುವವರೆಗೂ ನಿಂತೆ. ತಲೆಯಾಡಿಸಿದರು. ಟೀ ಮಾಡಿಕೊಟ್ಟೆ — ಸಕ್ಕರೆ ಒಂದು ಚಮಚ ಜಾಸ್ತಿಯೇ.

ಮಾರ್ಚ್ 15, ಶನಿವಾರ. ಮಧ್ಯಾಹ್ನ 1.30

ಈಗ ತಾನೇ ಬಂದೆವು. ಊಟವೂ ಆಗಿಲ್ಲ. ಆದರೂ ಬರೆಯಬೇಕು.

ಉದ್ದ ಮೇಜು, ಒಂಬತ್ತು ಜನ, ತುದಿಯಲ್ಲಿ ಪಾದ್ರಿ ಅಯ್ಯನವರು. ಹಾಳೆ ಕೈಯಿಂದ ಕೈಗೆ ಹೋಯಿತು. ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದೆ. ಗುಡುಗು ಇವತ್ತು ಬೆಣ್ಣೆಯಂತೆ ಮಾತಾಡಿದರು. ಹಾಳೆ ಚೆನ್ನಾಗಿದೆಯಂತೆ, ಬ್ಯಾಕ್ಟೀರಿಯಾ ಗೀಕ್ಟೀರಿಯಾ ಇದ್ದರೂ ತಕರಾರಿಲ್ಲವಂತೆ, ಒಂದೇ ಒಂದು ಬದಲಾವಣೆಯಂತೆ.

"ಕರ್ತನ ಸಾಲನ್ನ ಮೇಲಕ್ಕೆ ಹಾಕಮ್ಮ. ವಿಜ್ಞಾನಾನೇ ತೋರಿಸ್ಕೊಟ್ಟಿದೆ ಅಂತ ಮಕ್ಕಳಿಗೆ ಹೇಳು. ತರಗತಿ ನಿಂದೇ."

ಅದೇ ಸಾಲು. ಮೊದಲು ಅಲ್ಲೇ ಇತ್ತು! ಒಂದು ಬಾಣ ಎಳೆದರೆ ಇಪ್ಪತ್ತಾರು ಮಕ್ಕಳೂ ನನ್ನವರು. ಆಸೆಯಾಗಲಿಲ್ಲವೆಂದರೆ ಸುಳ್ಳು. ಬಾಯಿಬಡುಕಿಯ ಕಣ್ಣು ನೆನಪಾಯಿತು. ನಾಳೆ ಕಾಲೇಜಿನಲ್ಲಿ ಯಾರಾದರೂ, ಯಾವ ಪರೀಕ್ಷೆಯಲ್ಲಿ ಕಂಡಿತು ಎಂದು ಕೇಳಿದರೆ? ಆವತ್ತು ಅವಳು ನಮ್ಮನ್ನೇ ಬಿಟ್ಟು ಹೋಗುತ್ತಾಳೆ. ಆಗಲ್ಲ ಎಂದೆ. ನಾನು ನಂಬುತ್ತೇನೆ, ಅಳೆದಿಲ್ಲ. ಅಳೆದೆ ಎಂದು ಮಕ್ಕಳಿಗೆ ಸುಳ್ಳು ಹೇಳಲಾರೆ ಎಂದೆ.

ಕುರ್ಚಿ ಸರಿದ ಸದ್ದು. ಅಪ್ಪ ಎದ್ದು ನಿಂತಿದ್ದರು.

"ಅದನ್ನ ಕೆಳಗಿಳಿಸಿದ್ದು ನಾನು. ಬುದ್ಧಿ ಬಂದಾಗಿನಿಂದ ನಂಬ್ಕೊಂಡು ಬಂದಿದ್ದೀನಿ, ಯಾರ ಲ್ಯಾಬ್ ರಿಪೋರ್ಟೂ ಕೇಳ್ಲಿಲ್ಲ. ಇನ್ನು ಮುಂದೇನೂ ಕೇಳಲ್ಲ."

ಕೂತರು. ಸ್ಕೇಲನ್ನು ಜೇಬಿಗೆ ಹಾಕಿಕೊಂಡರು. ತರಗತಿ ಇವಳಿಗೇ ಇರಲಿ ಎನ್ನುವವರು ಕೈ ಎತ್ತಿ ಎಂದರು ಅಯ್ಯನವರು.

ಅದೇ ದಿನ, 4.00

ಅಪ್ಪ ಕಿಟಕಿಯ ಪಕ್ಕ ಪೇಪರ್ ಓದುತ್ತಿದ್ದಾರೆ, ಸ್ಕೇಲ್ ಇಟ್ಟುಕೊಂಡು. ಏನೂ ಆಗದವರ ಹಾಗೆ. ಸಭೆಯ ನನ್ನ ರಿಪೋರ್ಟ್ ಬಾಕಿಯಿದೆ. ಸರಿಯಾಗಿ ಬರೆಯುತ್ತೇನೆ.

ತರಗತಿ ಹೋಯಿತು. ಐದು – ನಾಲ್ಕು. ನಾಳೆಯಿಂದ ಗುಡುಗಿನ ಸೊಸೆ ಕಲಿಸುತ್ತಾಳೆ. ನನ್ನ ಪರವಾದ ನಾಲ್ಕು ಕೈಗಳಲ್ಲಿ ಮೊದಲು ಎದ್ದದ್ದು ಅಪ್ಪನದು. ಕೊನೆಗೆ ಇಳಿದದ್ದೂ ಅದೇ. ಗೇಟಿನ ಹತ್ತಿರ ಬಾಯಿಬಡುಕಿ ಕಾಯುತ್ತಿದ್ದಳು. ಬೈಬಲ್ ತೆರೆದು ತೋರಿಸಿದಳು — ಆ ಎರಡೂ ಕಾಗದ ಒಳಗೆ, ಹರಿಯದೆ. ಎರಡರಲ್ಲೂ ಮಧ್ಯೆ ಪೆನ್ಸಿಲಿನ ಗೆರೆ, ನಮ್ಮ ಬೋರ್ಡಿನಂತೆ.

____________________

ಅಭಿಪ್ರಾಯ: ಈ ಅಪ್ಪನ ಮಗಳು ನಾನು ಎಂದು ಹೇಳಿಕೊಳ್ಳಲು ನನಗೆ ಜಂಬ.