ಮೈಲಪ್ಪಣ್ಣನ ಗ್ರೈಂಡಿಂಗ್ ಮೆಷಿನ್

ಮೈಲಪ್ಪಣ್ಣ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಹರಿಹರದ ನಮ್ಮ ವರ್ಕ್‌ಶಾಪಿನಲ್ಲಿ ಇವತ್ತು ನಿಮ್ಮ ಗ್ರೈಂಡಿಂಗ್ ಮೆಷಿನ್ ಮತ್ತೆ ಸರಿಹೋಯಿತು.

ಇಷ್ಟು ದಿನ ನುಣುಪು ಮಾಡಲು ಅದಕ್ಕೆ ಹಾಕಿದ ಕಬ್ಬಿಣದ ಶಾಫ್ಟುಗಳೆಲ್ಲ ಗೆರೆ ಬಿದ್ದು ಹಾಳಾಗುತ್ತಿದ್ದವು. ಮಾಲೀಕರು ಗುಜರಿಗೆ ಹಾಕುವ ಮಾತೆತ್ತಿದಾಗ ನಾನು ಎಲ್ಲರನ್ನೂ ಕೂಡಿಸಿ, ನೀವು ಅದನ್ನು ನಡೆಸುವಾಗ ಯಾರ್ಯಾರು ಏನೇನು ನೋಡಿದ್ದಾರೆ ಎಂದು ಕೇಳಿದೆ.

"ಬೆಳಿಗ್ಗೆ ಅರ್ಧ ತಾಸು ಖಾಲಿ ಓಡಿಸ್ತಿದ್ರು," ಎಂದಳು ಸುಧಾ.

"ಉಜ್ಜೋ ಕಲ್ಲು ಹದ ಮಾಡುವಾಗ ಅವಸರ ಬ್ಯಾಡ ಅಂತಿದ್ರು," ಎಂದ ಕೊಟ್ಟೂರೇಶ್.

ಕಸ ಗುಡಿಸುವ ಓಬವ್ವ ಬಾಗಿಲಲ್ಲೇ ನಿಂತು, "ಮೆಷಿನ್ನಿನ ಎಡಗಾಲ ಕೆಳಗ, ಅಲುಗಾಡಬಾರ್ದು ಅಂತ, ಒಂದು ತಗಡು ಇರ್ತಿತ್ತು. ಬಣ್ಣ ಹೊಡೆಯೋರು ತೆಗೆದು ಒಗೆದ್ರು," ಎಂದಳು.

ಮೂರನ್ನೂ ಮಾಡಿದೆವು. ಶಾಫ್ಟು ಕನ್ನಡಿಯಂತೆ ಹೊರಬಂತು. ಮಾಲೀಕರು ಅದರ ಮೇಲೆ ಉಗುರಾಡಿಸಿ ನೋಡಿ, ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. ಓಬವ್ವನಿಗೆ ಮೊದಲು ಕೊಟ್ಟರು.

ತಿನ್ನುತ್ತ ಕೊಟ್ಟೂರೇಶ್ ಕೇಳಿದ, "ತಿಪ್ಪೇಶಣ್ಣ, ಹತ್ತು ವರ್ಷ ಪಕ್ಕದಾಗೇ ಇದ್ರಿ. ನಿಮಗೇನು ಹೇಳಿಕೊಟ್ಟಿದ್ರು?"

ನೀವು ಕರೆದಾಗಲೆಲ್ಲ ನನಗೆ ಬೇರೆ ಕೆಲಸವಿರುತ್ತಿತ್ತು.

ನಾನು ಕೈ ಒರೆಸಿಕೊಂಡು ಹೊಸ ನೋಟ್‌ಬುಕ್ ತೆರೆದೆ.

"ಓಬವ್ವ, ಇನ್ನೊಂದು ಸಲ ಹೇಳ್ರಿ," ಎಂದೆ. "ನಿಧಾನ ಹೇಳ್ರಿ, ಬರ್ಕೊತೀನಿ."

ತಿಪ್ಪೇಶ್